ಮುಖ ಕಾಣದ ಮಾತು

ನಮ್ಮ ಚಿನ್ನದ ಗಣಿಯ ಊರಿನವರಿಗೆ ಜಗಳವಾಡಲು ಬಾರದೆಂದು ಯಾರೂ ಹೇಳಲಾರರು. ಗಣಿಯ ಲೈನುಗಳಲ್ಲಿ ಹಲವು ಮನೆಗಳಿಗೆ ಒಂದೇ ನಲ್ಲಿಯಿದ್ದ ಕಾಲದಲ್ಲಿ ಬಿಂದಿಗೆಯ ಸರದಿಗಾಗಿ ಕನ್ನಡ, ತಮಿಳು, ತೆಲುಗು, ಉರ್ದು ಈ ನಾಲ್ಕು ಭಾಷೆಗಳಲ್ಲಿಯೂ ಬೈಗುಳ ಧಾರಾಳವಾಗಿ ಹರಿಯುತ್ತಿತ್ತು. ಆದರೆ ಆ ಜಗಳಕ್ಕೆ ಒಂದು ಕಟ್ಟು ಇತ್ತು. ಬೈದವಳಿಗೆ ಬೈಸಿಕೊಂಡವಳ ಮುಖ ಕಾಣುತ್ತಿತ್ತು. ಆಕೆಯ ಕಣ್ಣಿನಲ್ಲಿ ನೀರು ತುಂಬಿದುದೂ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ "ಸಾಕು ಬಿಡ್ರಮ್ಮಾ" ಎಂದು ನಡುವೆ ಬರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮರುದಿನ ಬೆಳಗಾದರೆ ಇಬ್ಬರೂ ಅದೇ ನಲ್ಲಿಗೆ ಬರಲೇಬೇಕಾಗಿತ್ತು. ಇಂದು ಮೊಬೈಲು ಫೋನಿನಲ್ಲಿ ನಡೆಯುವ ಮಾತುಕತೆಗೆ ಈ ಕಟ್ಟುಗಳಲ್ಲಿ ಒಂದೂ ಇಲ್ಲ. ಆದಕಾರಣ ಅಲ್ಲಿ ಹುಟ್ಟುವ ಬಿರುನುಡಿಯನ್ನು ಕುರಿತು ಹಳೆಯ ವಿದ್ಯಾರ್ಥಿನಿಯರೊಡನೆಯೂ ತಾಯಿತಂದೆಗಳೊಡನೆಯೂ ನಾಲ್ಕು ಮಾತುಗಳನ್ನು ಆಡುವುದು ಉಚಿತವೆಂದು ತೋರುತ್ತದೆ.

ಈ ವಿಷಯವು ಬೇರೆ ಊರುಗಳಿಗಿಂತ ನಮ್ಮ ಊರಿಗೆ ಹೆಚ್ಚು ಹತ್ತಿರವಾದುದು. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಂದಿನಿಂದ ನಮ್ಮ ಸಾವಿರಾರು ಮನೆಗಳ ಅನ್ನವು ಬೆಂಗಳೂರಿನ ರೈಲಿಗೆ ಸೇರಿಕೊಂಡಿದೆ. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಹೊತ್ತು ಮೂಡುವ ಮುನ್ನ ಹತ್ತಿದವರು ಬಂಗಾರಪೇಟೆಯನ್ನು ದಾಟಿ ಹೋಗಿ, ಕತ್ತಲಾದ ಮೇಲೆ ಮನೆ ಸೇರುತ್ತಾರೆ. ಇಂಥ ತಂದೆಗಾಗಲಿ ತಾಯಿಗಾಗಲಿ ಶಾಲೆಯ ಬಾಗಿಲಿಗೆ ಬಂದು ಉಪಾಧ್ಯಾಯಿನಿಯೊಡನೆ ಮಾತನಾಡಲು ಬಿಡುವೆಲ್ಲಿಯದು? ತರಗತಿಯ ವಾಟ್ಸಾಪು ಗುಂಪೇ ಅವರಿಗೆ ಶಾಲೆಯ ಅಂಗಳ. ದೂರದೂರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರಿಗೂ ಅದೇ ಅಂಗಳ. ಫೋನನ್ನು ಎಸೆದುಬಿಡಿರೆಂದು ಉಪದೇಶಿಸುವವರು ಇದನ್ನು ಮರೆಯುತ್ತಾರೆ.

ಎದುರಿಗೆ ಕುಳಿತಾಗ ಮೃದುವಾಗಿ ಮಾತನಾಡುವವರೇ ಈ ಅಂಗಳದಲ್ಲಿ ಹುಲಿಯಾಗುವುದೇಕೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಎಂಬವರು 2004ರಲ್ಲಿ ಇದನ್ನು ವಿಚಾರಿಸಿ, ತಾನು ಯಾರೆಂಬುದು ತಿಳಿಯದೆಂಬ ಧೈರ್ಯ, ಎದುರಿನವರ ಕಣ್ಣಿಗೆ ಬೀಳದಿರುವುದು, ಆಡಿದ ಮಾತಿಗೆ ಪ್ರತಿಫಲವು ತತ್ಕ್ಷಣ ಕಾಣದಿರುವುದು ಮುಂತಾದ ಕಾರಣಗಳನ್ನು ತೋರಿಸಿದರು. ಮರುವರ್ಷ, ಎಂದರೆ 2005ರಲ್ಲಿ, ಕ್ರೂಗರ್, ಎಪ್ಲಿ ಮುಂತಾದವರು ನಡೆಸಿದ ಪರೀಕ್ಷೆಯು ಇನ್ನೂ ಸ್ವಾರಸ್ಯವಾದುದು. ಕೆಲವು ವಾಕ್ಯಗಳನ್ನು ವ್ಯಂಗ್ಯವಾಗಿಯೂ ಕೆಲವನ್ನು ನಿಜವಾಗಿಯೂ ಬರೆದು ಕಳುಹಿಸಿದವರು, ನೂರಕ್ಕೆ ಸುಮಾರು 78 ಪಾಲು ಓದುವವರಿಗೆ ಸರಿಯಾಗಿ ತಿಳಿಯುವುದೆಂದು ನಂಬಿದ್ದರು. ತಿಳಿದದ್ದು ಸುಮಾರು 56 ಪಾಲು. ಕಣ್ಣು ಮುಚ್ಚಿ ಊಹಿಸಿದ್ದರೂ 50 ಸರಿಹೋಗುತ್ತಿತ್ತು! ಅದೇ ವಾಕ್ಯಗಳನ್ನು ದನಿಯಿಂದ ಹೇಳಿದಾಗಲಾದರೋ 73 ಪಾಲು ಸರಿಯಾಗಿ ತಿಳಿಯಿತು.

ಒಂದೇ ಭಾಷೆಯನ್ನಾಡುವವರಲ್ಲಿಯೇ ಹೀಗಾದರೆ ನಮ್ಮ ಊರಿನ ಗತಿಯೇನು? "ಬನ್ನಿ" ಎನ್ನಬೇಕಾದಲ್ಲಿ ಅವಸರದಿಂದ "ಬಾ" ಎಂದೊತ್ತಿದರೆ ಹಿರಿಯರೊಬ್ಬರ ಮನಸ್ಸು ಮುರಿಯುತ್ತದೆ. ತಮಿಳಿನಲ್ಲಿ ಯೋಚಿಸಿ, ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಗೌರವದ ಪ್ರತ್ಯಯವು ದಾರಿಯಲ್ಲಿಯೇ ಉದುರಿಹೋಗುತ್ತದೆ. ತೆಲುಗಿನವರು ಬಹು ಮರ್ಯಾದೆಯಿಂದ ಒಳಗೆ ಕರೆಯುವ ಮಾತೊಂದು ಉರ್ದು ಬಲ್ಲವರ ಕಿವಿಗೆ ಕೆಟ್ಟ ಬೈಗುಳವಾಗಿ ಕೇಳುತ್ತದೆ; ಅದು ಯಾವುದೆಂದು ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯ ಬಳಿಯಲ್ಲಾದರೆ ನಗುಮುಖವೇ ಅರ್ಥವನ್ನು ಹೇಳಿಬಿಡುತ್ತಿತ್ತು.

ಆದುದರಿಂದ ಬಿರುನುಡಿಯಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ನೋಡತಕ್ಕದ್ದು. ಪರಿಚಿತರ ಕೋಪ ಒಂದು ಬಗೆ. ಪರೀಕ್ಷೆಯ ಅಂಕ, ವಾಹನದ ಬಾಡಿಗೆ, ಯಾವ ಭಾಷೆಯಲ್ಲಿ ಪಾಠ ನಡೆಯಬೇಕು, ಮುಚ್ಚಿದ ಗಣಿಯ ಭೂಮಿ ಯಾರಿಗೆ ಸೇರಬೇಕು, ಇಂಥ ಚರ್ಚೆಯಲ್ಲಿ ಒಬ್ಬರು ಬಿಸಿಯಾಗುತ್ತಾರೆ. ರೈಲಿನಲ್ಲಿ ನಿಂತು ದಣಿದು ಬಂದವರು ರಾತ್ರಿ ಹತ್ತು ಗಂಟೆಗೆ ಬರೆದ ಮಾತಿಗೆ ಆಗಲೇ ಉತ್ತರ ಕೊಡುವುದು ಅನಾವಶ್ಯಕ. ಬೆಳಗ್ಗೆ ಆಕೆಗೊಬ್ಬಳಿಗೇ ಫೋನು ಮಾಡಿ, "ಅಕ್ಕಾ, ನಿನ್ನೆ ನೀವು ಬರೆದದ್ದು ನನಗೆ ಹೀಗೆ ಕಂಡಿತು, ನೀವು ಹೇಳಿದ್ದು ಅದೇನಾ?" ಎಂದು ಕೇಳಿದರೆ ಮುಕ್ಕಾಲು ಪಾಲು ಜಗಳಗಳು ಅಲ್ಲಿಗೇ ನಿಲ್ಲುವುವೆಂದು ನಾವು ನಂಬುತ್ತೇವೆ. ಇನ್ನೂರು ಮಂದಿಯ ಮುಂದೆ ತಪ್ಪನ್ನು ಎತ್ತಿ ತೋರಿಸಿದರೆ ಎಂಥ ಸಾಧುವೂ ಮಾನ ಉಳಿಸಿಕೊಳ್ಳುವುದಕ್ಕಾಗಿ ಹಟ ಹಿಡಿಯುತ್ತಾನೆ. ಗುಂಪನ್ನು ನಡೆಸುವವರು ಹಳೆಯ ಲೈನಿನ ಅಜ್ಜಿಯ ಕೆಲಸವನ್ನು ವಹಿಸಿಕೊಳ್ಳಬೇಕು. ಸದಸ್ಯರು ಬರೆದುದಕ್ಕೆ ನಡೆಸುವವರನ್ನು ಅಪರಾಧಿಗಳನ್ನಾಗಿ ಮಾಡಲಾಗದೆಂದು ಬೊಂಬಾಯಿಯ ಉಚ್ಚ ನ್ಯಾಯಾಲಯವು 2021ರಲ್ಲಿಯೂ ಕೇರಳದ್ದು 2022ರಲ್ಲಿಯೂ ಹೇಳಿರುವುದು ನಿಜ. ಆದಾಗ್ಯೂ, ಅಜ್ಜಿಗೆ ನಡುವೆ ಬರಬೇಕೆಂದು ಯಾವ ನ್ಯಾಯಾಲಯ ಹೇಳಿತ್ತು?

ಎರಡನೆಯ ಬಗೆ ಬೇರೆ. ಗುರುತಿಲ್ಲದ ಸಂಖ್ಯೆಯಿಂದ ಒಬ್ಬ ಹುಡುಗಿಗೆ ಹೊಲಸು ಮಾತು ಬರುತ್ತದೆ. ಚಿತ್ರವನ್ನು ಕೆಡಿಸಿ ಹರಡುವೆನೆಂಬ ಬೆದರಿಕೆ ಬರುತ್ತದೆ. ಇದು ಕೋಪವಲ್ಲ, ಬೇಟೆ. ಇದಕ್ಕೆ ಸಮಾಧಾನದ ಮಾತೂ ತಕ್ಕ ಉತ್ತರವೂ ಮೇವಾಗುತ್ತದೆ. ಮುಯ್ಯಿಗೆ ಮುಯ್ಯಿ ಬೈಯಬೇಕೆನ್ನುವ ಶೂರರನ್ನು ನಾವು ಒಪ್ಪುವುದಿಲ್ಲ. ಬೈಗುಳದಲ್ಲಿ ಪಳಗಿದವನೊಡನೆ ಹದಿನಾಲ್ಕು ವರ್ಷದ ಹುಡುಗಿ ಗೆಲ್ಲುವುದುಂಟೇ? ಆದರೆ ನಮಗೆ ಇದಕ್ಕಿಂತಲೂ ಹೆಚ್ಚು ಸಂಕಟ ಕೊಡುವುದು ಮನೆಯವರ ನಡತೆ. ಮಗಳು ಅಳುತ್ತ ಬಂದು ಹೇಳಿದ ಕೂಡಲೆ "ನೀನೇನು ಮಾಡಿದೆ?" ಎಂಬ ಪ್ರಶ್ನೆ ಬರುತ್ತದೆ. ಅದರ ಬೆನ್ನಿಗೇ ಫೋನು ಬೀರುವಿಗೆ ಸೇರುತ್ತದೆ. ಪಾಠ, ಗೆಳತಿಯರು, ಕೆಲವು ಮನೆಗಳಲ್ಲಿ ಕಾಲೇಜಿನ ಆಸೆಯೂ ಅದರೊಡನೆ ಬೀರುವಿಗೆ ಸೇರುತ್ತವೆ. ದಂಡನೆ ಯಾರಿಗೆ ಆಯಿತು? ತಂಗಿಯೂ ಇದನ್ನು ನೋಡುತ್ತಾಳೆ. ನಾಳೆ ಅವಳಿಗೆ ಇಂಥದೇ ಬೆದರಿಕೆ ಬಂದರೆ ಬಾಯಿ ಬಿಡುವುದಿಲ್ಲ. ಬೇಟೆಗಾರನಿಗೆ ಬೇಕಾದುದೂ ಇದೇ. "ಮನೆಯಲ್ಲಿ ಹೇಳಿಬಿಡುತ್ತೇನೆ" ಎಂಬುದು ಅವನ ಬೆದರಿಕೆಯಾಗಬಾರದು, ಹುಡುಗಿಯ ಬೆದರಿಕೆಯಾಗಬೇಕು. ಹೆತ್ತವರು ಫೋನಿನ ಹೊತ್ತನ್ನು ಮಿತಿಗೊಳಿಸುವುದನ್ನು ನಾವು ಬೇಡವೆನ್ನುವುದಿಲ್ಲ; ಆದರೆ ಆ ನಿಯಮವನ್ನು ಶಾಂತವಾದ ದಿನದಲ್ಲಿ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ ಸಮನಾಗಿ, ಮಾಡಬೇಕು. ದೂರು ಹೇಳಿದ ದಿನ ಮಾತ್ರ ಮಾಡಕೂಡದು.

ಸಹಜವಾದ ಭಯವೊಂದಿದೆ: ಇದಕ್ಕೆಲ್ಲ ಕಾನೂನು ಎಲ್ಲಿದೆ ಎಂದು. 2015ನೆಯ ಮಾರ್ಚಿ 24ರಂದು ಸರ್ವೋಚ್ಚ ನ್ಯಾಯಾಲಯವು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಪ್ರಕರಣವನ್ನು ರದ್ದುಪಡಿಸಿದ ಮೇಲೆ ಯಾರು ಏನು ಬರೆದರೂ ನಡೆಯುವುದೆಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಹೆಸರು ಮರೆಸಿ ಬೆದರಿಸುವುದನ್ನು 1860ರ ದಂಡಸಂಹಿತೆಯೇ ಅಪರಾಧವೆಂದು ಎಣಿಸಿತ್ತು. ಸಹಿಯಿಲ್ಲದ ಕಾಗದದ ಕಾಟವು ಆಗಲೇ ಇದ್ದಿತಷ್ಟೆ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 351ನೆಯ ಪ್ರಕರಣದಲ್ಲಿ ಅದು ಮುಂದುವರಿದಿದೆ. ಬೇಡವೆಂದರೂ ಹೆಣ್ಣನ್ನು ಬೆನ್ನಟ್ಟುವುದು 78ರಲ್ಲಿಯೂ, ಮಾತಿನಿಂದ ಆಕೆಯ ಮಾನಕ್ಕೆ ಕುಂದು ತರುವುದು 79ರಲ್ಲಿಯೂ ಬರುತ್ತವೆ. ಕೆಡಿಸಿದ ನಗ್ನಚಿತ್ರಗಳನ್ನು ಕುರಿತು ದೂರು ಬಂದರೆ 24 ಗಂಟೆಗಳೊಳಗೆ ತೆಗೆದುಹಾಕಬೇಕೆಂದು 2021ರ ನಿಯಮಗಳು ಸಾಮಾಜಿಕ ಜಾಲತಾಣಗಳವರಿಗೆ ವಿಧಿಸಿದವು.

ಹುಡುಗಿಯರು ನಾಚಿಕೆಯಿಂದ ಮೊದಲು ಮಾಡುವುದು ಆ ಮಾತುಗಳನ್ನು ಅಳಿಸಿಬಿಡುವುದು. ಅಳಿಸಬಾರದು. ತೆರೆಯ ಮೇಲಿರುವಂತೆಯೇ ಚಿತ್ರ ತೆಗೆದಿಟ್ಟು, ಸಂಖ್ಯೆ, ದಿನಾಂಕ, ಹೊತ್ತು ಇವುಗಳನ್ನು ಕಾಗದದ ಮೇಲೆ ಗುರುತುಹಾಕಿ, ಆಮೇಲೆ ಆ ಸಂಖ್ಯೆಯನ್ನು ತಡೆಹಿಡಿಯತಕ್ಕದ್ದು. ಕೇಂದ್ರ ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಮನೆಯಿಂದಲೇ ದೂರು ಬರೆಯಬಹುದು. ಮಕ್ಕಳಿಗಾಗಿ 1098 ಎಂಬ ಸಂಖ್ಯೆಯುಂಟು. ಚಿನ್ನದ ಗಣಿ ಪ್ರದೇಶಕ್ಕೆ ಪ್ರತ್ಯೇಕ ಪೊಲೀಸ್ ಅಧೀಕ್ಷಕರೇ ಇರುವುದರಿಂದ ಕೋಲಾರದವರೆಗೆ ಅಲೆಯಬೇಕಾಗಿಲ್ಲ. ತಾಯಿಗೆ ಬೆಂಗಳೂರಿನ ಕೆಲಸದಿಂದ ರಜೆ ದೊರೆಯದಿದ್ದರೆ ಚಿಕ್ಕಮ್ಮನೋ, ಉಪಾಧ್ಯಾಯಿನಿಯೋ, ಹತ್ತಿರದಲ್ಲಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳೋ ಠಾಣೆಗೆ ಜೊತೆಯಾಗಿ ಹೋಗಬಹುದು. ರಾಬರ್ಟ್‌ಸನ್‌ಪೇಟೆಯಲ್ಲಿಯೂ ಬಂಗಾರಪೇಟೆಯಲ್ಲಿಯೂ ಬಿಡುವಾಗಿರುವ ಹಳೆಯ ವಿದ್ಯಾರ್ಥಿನಿಯರು ಇದಕ್ಕಾಗಿ ತಮ್ಮ ಹೆಸರುಗಳನ್ನು ಶಾಲೆಯಲ್ಲಿ ಬರೆಸಿಡಬೇಕೆಂದು ನಾವು ಕೇಳಿಕೊಳ್ಳುತ್ತೇವೆ.