ಡಾಕ್ಟ್ರೇ, ಪೇಷಂಟ್ ಅಮ್ಮ ಅಲ್ಲ

ಅಂಗವೈಕಲ್ಯ ಇರೋ ಮಗುವಿಗೆ ನಮ್ಮ ಆರೋಗ್ಯ ಇಲಾಖೆಯ ಕಣ್ಣಲ್ಲಿ ಒಂದಷ್ಟು ಜಾಗ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ತಪಾಸಣೆ ಮಾಡ್ತಾರೆ. 18 ತುಂಬಿತೋ, ಅದು ಬಂದ್. ಇನ್ನು ದೊಡ್ಡವರ ಓಪಿಡಿಗೆ ಹೋಗಿ. ಅಲ್ಲಿ ಡಾಕ್ಟರು ವೀಲ್‌ಚೇರಿನಲ್ಲಿ ಕೂತ 19 ವರ್ಷದವನನ್ನು ಬಿಟ್ಟು, ಹಿಂದೆ ನಿಂತ ತಾಯಿಯನ್ನು ಕೇಳ್ತಾರೆ: "ಏನಮ್ಮಾ, ಏನಂತೆ ಇವನಿಗೆ?" ಓಟು ಹಾಕೋ ವಯಸ್ಸು ಕಣ್ರೀ ಅವನದು!

ಸುಂಕದಕಟ್ಟೆಯಲ್ಲಿ ಗಾರ್ಮೆಂಟ್ಸ್‌ಗೋ ಪೀಣ್ಯದ ಫ್ಯಾಕ್ಟರಿಗೋ ಹೋಗುವ ಮನೆಗಳು ಬೇಕಾದಷ್ಟಿವೆ. ಆಸ್ಪತ್ರೆಗೆ ಹೋದ ದಿನ ಸಂಬಳ ಇಲ್ಲ. ಇಎಸ್ಐ ನಿಯಮ ಈ ವಿಷಯದಲ್ಲಿ ಉದಾರವಾಗಿಯೇ ಇದೆ: ಕಾರ್ಮಿಕರ ದುಡಿಮೆಯನ್ನೇ ಪೂರ್ತಿ ನಂಬಿರುವ ಅಂಗವಿಕಲ ಮಗ ಅಥವಾ ಮಗಳು ಆ ಸ್ಥಿತಿ ಇರುವಷ್ಟು ಕಾಲವೂ ಕುಟುಂಬದ ಲೆಕ್ಕಕ್ಕೆ ಬರ್ತಾರೆ. ರಾಜಾಜಿನಗರದಲ್ಲಿ ಇಎಸ್ಐ ಆಸ್ಪತ್ರೆಯೂ ಇದೆ, ಮೆಡಿಕಲ್ ಕಾಲೇಜೂ ಇದೆ. ಆದರೆ ಯಾವ ಆಸ್ಪತ್ರೆಗೇ ಹೋಗಲಿ, ಎದುರಿಗಿರುವ ಡಾಕ್ಟರಿಗೆ ಮಾತಾಡಿಸೋಕೆ ಬರದಿದ್ದರೆ ಕಾರ್ಡು ತಗೊಂಡು ಏನು ಮಾಡೋದು?

ಕಲಿಸಬೇಕು ಅಂತ ಕಾನೂನು ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಡಾಕ್ಟರು, ನರ್ಸುಗಳ ಪಠ್ಯದಲ್ಲಿ ಈ ವಿಷಯ ಇರಲೇಬೇಕು. 2019ರಲ್ಲಿ ಎಂಬಿಬಿಎಸ್‌ನ ಫೌಂಡೇಶನ್ ಕೋರ್ಸಿಗೆ 7 ಗಂಟೆ ಸೇರಿಸಿದರು. 2024ರ ಆಗಸ್ಟಿನ ಹೊಸ ಮಾರ್ಗಸೂಚಿಯಲ್ಲಿ ಅದು ಮಾಯ! ಇದಕ್ಕೂ, ಬೇರೆ ಕಾರಣಗಳಿಗೂ ಗಲಾಟೆಯಾಗಿ ಆ ಮಾರ್ಗಸೂಚಿಯನ್ನೇ ವಾಪಸ್ ತಗೊಂಡರು. ಬರೀ 7 ಗಂಟೆಗೆ ಇಷ್ಟು ಜಗ್ಗಾಟ.

ಆ 7 ಗಂಟೆಯಲ್ಲೂ ಸ್ಲೈಡ್ ತೋರಿಸಿ, 21 ಬಗೆಯ ಅಂಗವೈಕಲ್ಯದ ಪಟ್ಟಿ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ. ನಾಟಕ ಮಾಡಿಸಿ. ಕೊನೆಗೆ ಎಲ್ಲರೂ ಕಣ್ಣೊರೆಸಿಕೊಂಡು ಹೋಗುವ ನಾಟಕ ಅಲ್ಲ. ಬ್ರೆಜಿಲ್‌ನ ಆಗಸ್ಟೋ ಬೋಲ್ ಕಟ್ಟಿದ ರಂಗಭೂಮಿ ಒಂದಿದೆ. ಅದರಲ್ಲಿ ಅನ್ಯಾಯದ ದೃಶ್ಯ ಒಂದು ಸಲ ಪೂರ್ತಿ ನಡೆಯುತ್ತೆ. ಎರಡನೇ ಸಲ ಆಡುವಾಗ ಪ್ರೇಕ್ಷಕರು 'ನಿಲ್ಲಿಸಿ' ಅಂತ ಕೂಗಿ, ತಾವೇ ಎದ್ದು ಬಂದು, ಬೇರೆ ಥರ ಮಾಡಿ ತೋರಿಸಬೇಕು. ಇದನ್ನು ದೆಹಲಿಯ ಯುಸಿಎಂಎಸ್ ಮೆಡಿಕಲ್ ಕಾಲೇಜಿನಲ್ಲಿ ಸ್ವತಃ ಅಂಗವಿಕಲರಾದ ಡಾ. ಸತೇಂದ್ರ ಸಿಂಗ್ ಮತ್ತು ಅವರ ಸಹೋದ್ಯೋಗಿಗಳು ವಿದ್ಯಾರ್ಥಿಗಳಿಗೆ ಮಾಡಿಸಿದ್ದಾರೆ. ಕಲಿಸೋಕೆ ಹೋದವರು ಯಾರು ಗೊತ್ತಾ? ನಮ್ಮ ಬೆಂಗಳೂರಿನ ರಾಧಾ ರಾಮಸ್ವಾಮಿಯವರ ಸಂಸ್ಥೆ, ಸೆಂಟರ್ ಫಾರ್ ಕಮ್ಯುನಿಟಿ ಡೈಲಾಗ್ ಅಂಡ್ ಚೇಂಜ್!

ಒಂದು ದೃಶ್ಯ ಹೇಳ್ತೀನಿ, ಆಡಿಸಿ ನೋಡಿ. ಬುದ್ಧಿ ಬೆಳವಣಿಗೆ ನಿಧಾನವಿರುವ 20ರ ಮಗಳನ್ನು ತಾಯಿ ಕರ್ಕೊಂಡು ಬರ್ತಾಳೆ. "ತಿಂಗಳು ತಿಂಗಳು ಸಂಭಾಳಿಸೋಕಾಗಲ್ಲ ಮೇಡಂ, ಗರ್ಭಕೋಶ ತೆಗೆದುಬಿಡಿ." ಒಪ್ಪಿಗೆಯಿಲ್ಲದೆ ಮಕ್ಕಳಾಗದಂತೆ ಮಾಡುವ ಚಿಕಿತ್ಸೆ ಕೊಡುವಂತಿಲ್ಲ, 10ನೇ ಸೆಕ್ಷನ್ನು. ಪರೀಕ್ಷೆಯಲ್ಲಿ ಎಲ್ಲರೂ ಸರಿ ಬರೀತಾರೆ. ಆದರೆ ಆ ತಾಯಿ "ನಾನು ಸತ್ತ ಮೇಲೆ ಇವಳ ಮೇಲೆ ಯಾರಾದ್ರೂ ಕೈ ಹಾಕಿದ್ರೆ?" ಅಂದಾಗ ಏನಂತೀರಿ? ತಾಯಿ ಖಳನಾಯಕಿ ಅಲ್ಲ. ಮಗಳ ಪರವಾಗಿ ಮಾತಾಡೀ ಮಾತಾಡೀ ಸುಸ್ತಾದವಳು. ಇನ್ನು ಮಗಳನ್ನು ಕೇಳೋದು ಹೇಗೆ? ಚಿತ್ರ ತೋರಿಸಿ ಕೇಳ್ತೀರಾ? ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸ್ತೀರಾ? ಅದು ಎದ್ದು ನಿಂತು ತಡವರಿಸಿದರೇ ಬರೋ ವಿದ್ಯೆ.

ಪಾತ್ರ ಮಾಡೋರು ಅಂಗವಿಕಲ ಯುವಕ ಯುವತಿಯರೇ ಆಗಬೇಕು. ಹೌಸ್ ಸರ್ಜನ್ ಒಬ್ಬ ಕೈ ಸೊಟ್ಟ ಮಾಡ್ಕೊಂಡು ನಟಿಸೋದು ಬೇಡ, ಅದನ್ನು ನಮ್ಮ ಸಿನಿಮಾದವರು ಸಾಕಷ್ಟು ಮಾಡಿದ್ದಾರೆ. ಅರ್ಧ ಗಂಟೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು 'ಅನುಭವ' ಪಡೆಯೋದೂ ಬೇಡ. ಬಂದವರಿಗೆ ಶಾಲು, ಹಣ್ಣಿನ ಬುಟ್ಟಿ ಅಲ್ಲ, ಅತಿಥಿ ಉಪನ್ಯಾಸಕರಿಗೆ ಕೊಡೋ ಸಂಭಾವನೆ ಕೊಡಿ.

ನೂರು ಜನ ಕ್ಯೂನಲ್ಲಿರುವಾಗ ಟೈಮೆಲ್ಲಿ ಅಂತೀರಾ? ಸೆರೆಬ್ರಲ್ ಪಾಲ್ಸಿ ಇರೋ ಹುಡುಗನಿಗೆ "ಹೊಟ್ಟೆ ನೋವು" ಅನ್ನೋಕೆ ಒಂದು ನಿಮಿಷ ಬೇಕಾಗಬಹುದು. ಆ ಒಂದು ನಿಮಿಷ ಕಾಯದೆ ಅಮ್ಮನ ಊಹೆಯ ಮೇಲೆ ಬರೆದ ಔಷಧಿ ಕೆಲಸ ಮಾಡದೆ ಅವನು ಮತ್ತೆ ಅದೇ ಕ್ಯೂಗೆ ಬಂದರೆ, ಉಳಿದ ಟೈಮ್ ಎಷ್ಟು?

ಒಂದು ಭಾನುವಾರ ಹೌಸ್ ಸರ್ಜನ್‌ಗಳನ್ನು ಮಾಗಡಿ ರೋಡಲ್ಲಿ ಈ ಕಡೆ ಕಳಿಸಿ. ಸುಂಕದಕಟ್ಟೆಯ ಯಾವುದಾದರೂ ಶಾಲೆಯ ಅಂಗಳ ಸಾಕು, ಮೈಕೂ ಬೇಡ. ಸೂಪರಿಂಟೆಂಡೆಂಟರಿಗೆ ಮುಂದಿನ ಸಾಲಲ್ಲಿ ಸೋಫಾ ಹಾಕಬೇಡಿ. 'ನಿಲ್ಲಿಸಿ' ಅಂತ ಕೂಗೋ ಸರದಿ ಅವರಿಗೂ ಬರಲಿ.