ಸಾರೋಟಿನ ಸುತ್ತಲಿನ ಸವಾರರು

ಭಾರತೀಯ ಸೇನೆಯ ಶ್ರೇಣಿಯಲ್ಲಿ ಮೊದಲ ಸ್ಥಾನ ರಾಷ್ಟ್ರಪತಿಗಳ ಅಂಗರಕ್ಷಕ ದಳದ್ದು. 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವಾರನ್ ಹೇಸ್ಟಿಂಗ್ಸ್ ಬನಾರಸಿನಲ್ಲಿ ಐವತ್ತು ಸವಾರರನ್ನು ಆರಿಸಿ ಇದನ್ನು ಕಟ್ಟಿದ. ಅಲ್ಲಿನ ರಾಜ ಚೇತ್‌ಸಿಂಗ್ ಇನ್ನೂ ಐವತ್ತು ಮಂದಿಯನ್ನು ಕೊಟ್ಟ.

ಇದು ಮೆರವಣಿಗೆಗೆಂದೇ ಹುಟ್ಟಿದ ದಳವಲ್ಲ. ಟಿಪ್ಪುವಿನ ವಿರುದ್ಧ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್‌ನ ಜೊತೆಗಿತ್ತು; ಮುಂದೆ ಜಾವಾ, ಬರ್ಮಾ, ಪಂಜಾಬುಗಳಲ್ಲೂ ಕಾದಿತು. 1944ರಲ್ಲಿ ಇದರ ಸೈನಿಕರಿಗೆ ಪ್ಯಾರಾಚೂಟ್ ತರಬೇತಿ ಸಿಕ್ಕಿತು. ಗಣರಾಜ್ಯೋತ್ಸವದಂದು ಈಟಿ ಹಿಡಿದು ಸಾಗುವ ಸವಾರ ಇಂದಿಗೂ ವಿಮಾನದಿಂದ ಧುಮುಕಬಲ್ಲವನು, ಕವಚವಾಹನ ನಡೆಸಬಲ್ಲವನು. ಪೇಟದ ಬೆಡಗಿನಲ್ಲಿ ಈ ಸಂಗತಿ ಮರೆಯಾಗುವುದೇ ಹೆಚ್ಚು.

1947ರಲ್ಲಿ ದೇಶದೊಡನೆ ದಳವೂ ಒಡೆಯಿತು. ಎರಡು ಪಾಲು ಭಾರತಕ್ಕೆ, ಒಂದು ಪಾಲು ಪಾಕಿಸ್ತಾನಕ್ಕೆ. ಆದರೆ ವೈಸರಾಯರ ಚಿನ್ನದ ಲೇಪದ ಸಾರೋಟನ್ನು ಸೀಳಿ ಹಂಚುವಂತಿರಲಿಲ್ಲ. ದಳದ ಅಧಿಕಾರಿಗಳಲ್ಲಿ ಭಾರತದ ಪರ ಠಾಕೂರ್ ಗೋವಿಂದ್ ಸಿಂಗ್, ಪಾಕಿಸ್ತಾನದ ಪರ ಯಾಕೂಬ್ ಖಾನ್ ನಿಂತರು. ನಾಣ್ಯ ಚಿಮ್ಮಿದಾಗ ಸಾರೋಟು ಭಾರತಕ್ಕೆ ಒಲಿಯಿತು. ಲಕ್ಷಾಂತರ ಜನರ ಬದುಕನ್ನೇ ಕಲಕಿದ ವಿಭಜನೆಯಲ್ಲಿ ಇಷ್ಟು ಸಲೀಸಾಗಿ ಮುಗಿದ ವ್ಯವಹಾರಗಳು ವಿರಳ. ಇಂದಿರಾ ಗಾಂಧಿಯವರ ಹತ್ಯೆಯ ನಂತರ ಭದ್ರತೆಯ ಕಾರಣಕ್ಕೆ ಆ ಸಾರೋಟು ಮೂಲೆ ಸೇರಿತು. 2014ರಲ್ಲಿ ಪ್ರಣವ್ ಮುಖರ್ಜಿ ಬೀಟಿಂಗ್ ರಿಟ್ರೀಟ್ ಸಮಾರಂಭಕ್ಕೆ ಅದನ್ನು ಮತ್ತೆ ಹೊರತಂದರು; 2024ರ ಗಣರಾಜ್ಯೋತ್ಸವಕ್ಕೆ ದ್ರೌಪದಿ ಮುರ್ಮು ಅದರಲ್ಲೇ ಬಂದರು.

ರಾಷ್ಟ್ರಪತಿಗಳ ಬೆಳ್ಳಿ ಕಹಳೆ ಮತ್ತು ಅದರ ಪತಾಕೆ ಹೊರುವ ಹಕ್ಕು ಈ ದಳಕ್ಕೆ ಮಾತ್ರ. 1923ರಲ್ಲಿ ನೂರೈವತ್ತು ವರ್ಷ ತುಂಬಿದಾಗ ವೈಸರಾಯ್ ಲಾರ್ಡ್ ರೀಡಿಂಗ್ ಮೊದಲ ಕಹಳೆ ಕೊಟ್ಟ. ಗಣರಾಜ್ಯದಲ್ಲಿ ಆ ಪದ್ಧತಿಯನ್ನು 1957ರಲ್ಲಿ ಬಾಬು ರಾಜೇಂದ್ರ ಪ್ರಸಾದರು ಮುಂದುವರಿಸಿದರು. ಕುದುರೆಗಳೆಲ್ಲ ಕಂದು, ಕಹಳೆಗಾರನದು ಮಾತ್ರ ಬೂದು: ಯುದ್ಧಭೂಮಿಯ ಗದ್ದಲದಲ್ಲಿ ದಳಪತಿಗೆ ಅವನು ತಟ್ಟನೆ ಕಾಣಬೇಕಿತ್ತು. ಚಳಿಗಾಲಕ್ಕೆ ಕೆಂಪು ಅಂಗಿ, ಬೇಸಿಗೆಗೆ ಬಿಳಿ. 2022ರಲ್ಲಿ ದಳಪತಿಯ ಕುದುರೆ ವಿರಾಟ್ ನಿವೃತ್ತಿಯಾದಾಗ ರಾಷ್ಟ್ರಪತಿ, ಪ್ರಧಾನಿ ಇಬ್ಬರೂ ಅದರ ಮೈ ಸವರಿ ಬೀಳ್ಕೊಟ್ಟರು.

ಹಳೆಯ ಕಾಲದ ಇನ್ನೊಂದು ರೂಢಿಯೂ ಉಳಿದಿದೆ, ಅದು ಅಷ್ಟು ಮುದ್ದಾದದ್ದಲ್ಲ. ಸವಾರರ ಆಯ್ಕೆ ಬಹುಕಾಲದಿಂದ ಜಾಟ್, ಸಿಖ್, ರಜಪೂತರೊಳಗೇ ನಡೆದುಬಂದಿದೆ. ಇದು ಸಮಾನತೆಗೆ ವಿರುದ್ಧವೆಂದು ಕೆಲವರು ನ್ಯಾಯಾಲಯಕ್ಕೆ ಹೋದರು. ಜಾತಿಯನ್ನು ನೋಡಿಲ್ಲ, ಸಮಾರಂಭಕ್ಕೆ ಒಂದೇ ಎತ್ತರ, ಒಂದೇ ನಿಲುವು ಬೇಕು ಎಂಬುದು ಸೇನೆಯ ಉತ್ತರ. ಆರಡಿ ಎತ್ತರದವರು ಕೊಡಗಿನಲ್ಲೋ ಧಾರವಾಡದಲ್ಲೋ ಸಿಗುವುದಿಲ್ಲವೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.