ಕೆಂಪು ಗೆರೆ ಕಾಡಂಚಿಗೂ ತಲುಪಲಿ

ಬೇಸಿಗೆ ಹತ್ತಿರವಾದಂತೆ ಮಲೆನಾಡಿನಲ್ಲಿ ಜ್ವರವೆಂದರೆ ಭಯ. ಅದು ಸಾಮಾನ್ಯ ಜ್ವರವೇ, ಡೆಂಗಿಯೇ, ಇಲಿಜ್ವರವೇ ಅಥವಾ ಮಂಗನ ಕಾಯಿಲೆಯೇ ಎಂದು ಮೊದಲ ದಿನಗಳಲ್ಲಿ ಲಕ್ಷಣ ನೋಡಿ ಹೇಳುವುದು ವೈದ್ಯರಿಗೂ ಕಷ್ಟ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ, ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಜನರ ಪ್ರಾಣ ತೆಗೆಯುತ್ತದೆ. ಇದಕ್ಕೆಂದೇ ಇರುವ ಔಷಧವಿಲ್ಲ. ಬೇಗ ಗುರುತಿಸಿ ಆಸ್ಪತ್ರೆಗೆ ಸೇರಿಸಿ ಆರೈಕೆ ಮಾಡುವುದೊಂದೇ ದಾರಿ. ಆದರೆ ಖಚಿತ ಪರೀಕ್ಷೆಗೆ ರಕ್ತದ ಮಾದರಿ ಹಳ್ಳಿಯಿಂದ ಪ್ರಯೋಗಾಲಯದವರೆಗೆ ಪ್ರಯಾಣಿಸಬೇಕು.

ಈ ಅಂತರವನ್ನು ಕಡಿಮೆ ಮಾಡಬಲ್ಲ ಸಾಧನವೇ ಆಪ್ಟಿಕಲ್ ಬಯೋಸೆನ್ಸರ್, ಅಂದರೆ ಬೆಳಕಿನ ಮೂಲಕ ರೋಗಾಣುವನ್ನು ಗುರುತಿಸುವ ಜೈವಿಕ ಸಂವೇದಕ. ಇದು ನಮಗೆ ಹೊಸದೇನಲ್ಲ. ಕೋವಿಡ್ ಕಿಟ್‌ನಲ್ಲಿ ಮೂಡುತ್ತಿದ್ದ ಕೆಂಪು ಗೆರೆ ಇದರ ಸರಳ ರೂಪ. ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ವೈರಸ್‌ನ ಪ್ರೋಟೀನ್ ಸಿಕ್ಕರೆ ಆ ಕಣಗಳು ಪಟ್ಟಿಯ ಒಂದೆಡೆ ಸೇರುತ್ತವೆ, ಕಣ್ಣಿಗೆ ಕೆಂಪಾಗಿ ಕಾಣುತ್ತವೆ. ಇನ್ನೊಂದು ವಿಧಾನದಲ್ಲಿ ಚಿನ್ನದ ತೆಳುಪದರದ ಮೇಲೆ ಬೆಳಕು ಹಾಯಿಸಿ, ಅದರ ಪ್ರತಿಫಲನದಲ್ಲಾಗುವ ಬದಲಾವಣೆಯನ್ನು ಅಳೆಯುತ್ತಾರೆ.

ಹಾಗಾದರೆ ತೊಡಕು ಎಲ್ಲಿದೆ? ದೆಹಲಿಯ ಸಿಎಸ್‌ಐಆರ್–ಐಜಿಐಬಿ ವಿಜ್ಞಾನಿಗಳು 2020ರಲ್ಲಿ ಕೋವಿಡ್‌ಗಾಗಿ ‘ಫೆಲೂದಾ’ ಎಂಬ ಪರೀಕ್ಷೆ ರೂಪಿಸಿದರು. ಫಲಿತಾಂಶ ಕಾಗದದ ಪಟ್ಟಿಯ ಮೇಲೆ ಕಾಣುತ್ತಿತ್ತು. ಆದರೆ ಅದಕ್ಕೂ ಮೊದಲು ಮಾದರಿಯಿಂದ ಆರ್‌ಎನ್‌ಎ ಬೇರ್ಪಡಿಸಿ, ಅದನ್ನು ಹೆಚ್ಚಿಸುವ ಕೆಲಸ ಪ್ರಯೋಗಾಲಯದಲ್ಲೇ ಆಗಬೇಕಿತ್ತು. ಅಂದರೆ ಗೆರೆ ಓದುವುದು ಸುಲಭ, ಅಲ್ಲಿಯವರೆಗೆ ಮಾದರಿಯನ್ನು ಸಿದ್ಧಗೊಳಿಸುವುದೇ ಕಷ್ಟ. ಬ್ಯಾಟರಿಯಿಂದಲೂ ನಡೆಯುವ, ಬೆಳಕು ಸೂಸುವ ರಾಸಾಯನಿಕದ ಮೂಲಕ ಫಲಿತಾಂಶ ನೀಡುವ ಟ್ರೂನ್ಯಾಟ್ ಯಂತ್ರ ಈ ಕಷ್ಟವನ್ನು ಬಹುಮಟ್ಟಿಗೆ ಕಡಿಮೆ ಮಾಡಿದೆ. ಇದರ ಅಭಿವೃದ್ಧಿಯಲ್ಲಿ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದ ಪಾಲಿದೆ. ಕ್ಷಯ ಪತ್ತೆಗೆ ಇದನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು.

ಇನ್ನೊಂದು ತೊಡಕು ಮಾರುಕಟ್ಟೆಯದು. ಮಂಗನ ಕಾಯಿಲೆಯಿಂದ ನರಳುವವರು ಹೆಚ್ಚಾಗಿ ದರಗು, ಸೌದೆ ತರಲು ಕಾಡಿಗೆ ಹೋಗುವ ಬಡವರು. ರೋಗಿಗಳ ಸಂಖ್ಯೆ ಸಣ್ಣದು, ಆದಾಯ ಇನ್ನೂ ಸಣ್ಣದು. ಲಾಭವನ್ನಷ್ಟೇ ನೋಡುವ ಕಂಪನಿಗೆ ಇಲ್ಲಿ ಆಸಕ್ತಿ ಹುಟ್ಟುವುದಿಲ್ಲ. ಆದ್ದರಿಂದ ಕಿಟ್ ಖರೀದಿಸುವ ಭರವಸೆಯನ್ನು ಸರ್ಕಾರವೇ ಮೊದಲು ಕೊಡಬೇಕು. ಹಾಗೆಂದು ಅವಸರವೂ ಸಲ್ಲದು. ತಪ್ಪಾಗಿ ‘ನೆಗೆಟಿವ್’ ಬಂದರೆ ರೋಗಿ ಮನೆಗೆ ಮರಳುತ್ತಾನೆ, ಕಾಯಿಲೆ ಒಳಗೇ ಬಲಿಯುತ್ತದೆ. ವೇಗಕ್ಕಿಂತ ನಿಖರತೆ ಮುಖ್ಯ.

ಭೌತವಿಜ್ಞಾನ, ಎಲೆಕ್ಟ್ರಾನಿಕ್ಸ್, ಜೀವವಿಜ್ಞಾನ ಓದಿದವರು ಒಟ್ಟಾಗಿ ಮಾಡಬೇಕಾದ ಕೆಲಸವಿದು. ಯಂತ್ರ ಬಂದ ಮೇಲೂ ಅದನ್ನು ನಡೆಸಲು ತರಬೇತಿ ಪಡೆದ ತಂತ್ರಜ್ಞರು ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ಹುದ್ದೆಯೇ ಖಾಲಿ ಇದ್ದರೆ ಎಂಥ ಸಂವೇದಕವೂ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಹೊಸ ಸಂಶೋಧನೆಗೆ ಚಪ್ಪಾಳೆ ತಟ್ಟುವ ನಾವು, ಆ ಹುದ್ದೆ ಭರ್ತಿಯಾಯಿತೇ ಎಂದೂ ಕೇಳಬೇಕು.